ಪಿಆರ್‌ಓ ಅಂಜನಕುಮಾರ್ ಸುಮ್ಮನಿದ್ದ ದಿನ

ಅಂಜನಕುಮಾರ್‌ಗೆ ನೌಕರಿ ಸಿಕ್ಕ ದಿನ ಅವನ ತಾಯಿ ಮೈಲಮ್ಮ ಒಂದು ಪ್ರಶ್ನೆ ಕೇಳಿದ್ದಳು. ಎರಡು ವರ್ಷ ಕಳೆದರೂ ಅವನಿಗೆ ಅದಕ್ಕೆ ಸರಿಯಾದ ಉತ್ತರ ಹೊಳೆದಿರಲಿಲ್ಲ.

"ಏನು ಕೆಲಸಪಾ ಅದು?"

"ಸಾರ್ವಜನಿಕ ಸಂಪರ್ಕಾಧಿಕಾರಿ ಅಂತಾರವ್ವ. ಪಿಆರ್‌ಓ. ಕಂಪನಿಗೂ ಜನಕ್ಕೂ ಸಂಬಂಧ ಚಂದ ಇಟಗೊಳ್ಳೋ ಕೆಲಸ."

ಮೈಲಮ್ಮ ಕುರಿಮರಿಯ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಮುಳ್ಳು ತೆಗೆಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಸಂಬಂಧ ಚಂದ ಇಟಗೊಳ್ಳಾಕ ಪಗಾರ ಕೊಡ್ತಾರಾ? ಹಂಗಾರ ಅವರು ಏನೋ ಚಂದಿಲ್ಲದ್ದು ಮಾಡಾಕ ಹತ್ಯಾರ, ತಗೋ."

ಅಂಜನಕುಮಾರ್ ನಕ್ಕ. ಓದದವರ ಮಾತು ಅಂದುಕೊಂಡ.

ಮಕ್ತಲ್‌ನಿಂದ ಮಾಗನೂರಿಗೆ ಹೋಗುವ ರಸ್ತೆಯಲ್ಲಿ ಎಡಕ್ಕೆ ತಿರುಗಿ ಎರಡು ಕಿಲೋಮೀಟರ್ ಒಳಗೆ ಹೋದರೆ, ತೆಲಂಗಾಣಕ್ಕೆ ಸೇರಿದ ಅವನ ಊರು. ಅಲ್ಲಿಯ ಕುರುಬರ ಓಣಿಯಲ್ಲಿ ಪದವಿ ಎಂಬುದನ್ನು ಪಡೆದ ಮೊದಲನೆಯವನು ಅವನೇ. ಅಪ್ಪ ಮಾಳಿಂಗಪ್ಪ ವರ್ಷದಲ್ಲಿ ಎಂಟು ತಿಂಗಳು ದೊಡ್ಡ ಹಿಂಡಿನ ಜೊತೆ ರಾಯಚೂರು ಸೀಮೆಯ ಹೊಲಗಳಲ್ಲಿ ಬೀಡುಬಿಡುವ ಮನುಷ್ಯ. ಮನೆಯಲ್ಲಿ ಉಳಿದ ನಲವತ್ತು ಕುರಿ ಮೈಲಮ್ಮನ ಪಾಲಿಗೆ. ಮಗ ಆರನೇ ಇಯತ್ತೆಗೇ ನಾರಾಯಣಪೇಟೆಯ ಹಾಸ್ಟೆಲ್ ಸೇರಿದ. ಅಲ್ಲಿ ಅವನು ಕಲಿತ ದೊಡ್ಡ ವಿದ್ಯೆ ಎಂದರೆ ನೋಟುಪುಸ್ತಕ ಬರೆಯುವುದು. ಯಾರು ಏನು ಹೇಳಿದರೂ ನೀಲಿ ಮಸಿಯಲ್ಲಿ ಬರೆದು, ಕೆಳಗೆ ಕೆಂಪು ಗೆರೆ ಎಳೆದು, ಬಾಯಿಪಾಠ ಮಾಡುತ್ತಿದ್ದ. ಹೇಳಿದ್ದು ನಿಜವೋ ಸುಳ್ಳೋ ಎಂದು ನೋಡುವ ಅಭ್ಯಾಸ ಮಾತ್ರ ಯಾವ ಹಾಸ್ಟೆಲೂ ಕಲಿಸಲಿಲ್ಲ.

ಹೈದರಾಬಾದಿನಲ್ಲಿ ಪತ್ರಿಕೋದ್ಯಮದ ಎಂ.ಎ. ಮಾಡುವಾಗ ಅವನು ಗ್ರಾಮೀಣ ಸಂವಹನದ ಬಗ್ಗೆ ಒಂದು ಪ್ರಬಂಧ ಬರೆದಿದ್ದ. ಅದರ ನಾಲ್ಕನೆಯ ಅಂಶ ಕರಿ ಕಂಬಳಿ. ಕುರುಬರ ಓಣಿಯಲ್ಲಿ ತಕರಾರು ಬಿದ್ದರೆ ಹಿರಿಯರು ಒಂದು ಕರಿ ಕಂಬಳಿ ಹಾಸಿ ಅದರ ನಾಲ್ಕು ಮೂಲೆಗೆ ಬೀರಪ್ಪನ ಭಂಡಾರ, ಅಂದರೆ ದೇವರ ಅರಿಶಿನಪುಡಿ, ಇಡುತ್ತಾರೆ. ಅದರ ಮೇಲೆ ಕುಳಿತವನು ಸುಳ್ಳು ಆಡುವಂತಿಲ್ಲ. ಆಡಿದ ಮಾತನ್ನು ಎದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಹನ್ನೆರಡು ವರ್ಷದವನಿದ್ದಾಗ ರಜೆಗೆ ಬಂದ ಅಂಜನ ಇದನ್ನು ಕಣ್ಣಾರೆ ಕಂಡಿದ್ದ. ಎರಡು ಟಗರು ಕದ್ದ ಒಬ್ಬ ಗಟ್ಟಿ ಆಸಾಮಿ, ನಿಂತುಕೊಂಡಿರುವಷ್ಟು ಹೊತ್ತು ಓಣಿ ಕಿತ್ತುಹೋಗುವಂತೆ ಆಣೆ ಮಾಡಿದವನು, ಕಂಬಳಿಯ ಮೇಲೆ ಕುಳಿತ ಕೂಡಲೇ ಧ್ವನಿ ಬತ್ತಿ, "ಕಟ್ಟಿಹಾಕೀನಿ, ಹೊಡಕೊಂಡು ಬರ್ರಿ" ಅಂದಿದ್ದ. ಅಂಜನಕುಮಾರ್ ಈ ಪದ್ಧತಿಯನ್ನು ಪ್ರಬಂಧದಲ್ಲಿ 'ಮರೆಯಾಗುತ್ತಿರುವ ಮಾಧ್ಯಮ' ಎಂದು ಕರೆದ. ಹತ್ತಕ್ಕೆ ಎಂಟು ಅಂಕ ಬಂತು. ಓಣಿಯವರು ಕಾಯಲು ಕೊಟ್ಟಿದ್ದ ಅದೇ ಕಂಬಳಿ ಅವನ ಮನೆಯ ಅಟ್ಟದ ಮೇಲೆ ಬಿಳಿ ಧೋತರದಲ್ಲಿ ಸುತ್ತಿಟ್ಟಿತ್ತು.

ಓದು ಮುಗಿದ ಮೇಲೆ ಗದ್ವಾಲದಲ್ಲಿ ಒಂದು ತೆಲುಗು ಪತ್ರಿಕೆಗೆ ಎರಡು ವರ್ಷ ದುಡಿದ. ವರದಿಗಾರನೆಂದು ಹೆಸರು. ಬರೆದದ್ದು ಮುಖಂಡರ ಹುಟ್ಟುಹಬ್ಬದ ಜಾಹೀರಾತು ಮತ್ತು ಸತ್ತವರ ಪುಣ್ಯತಿಥಿ. ಬದುಕಿರುವವರನ್ನೂ ಸತ್ತವರನ್ನೂ ಒಂದೇ ಉತ್ಸಾಹದಿಂದ ಹೊಗಳಬಲ್ಲ ಕೈ ಎಂದು ಗೊತ್ತಾದ ಮೇಲೆ ಅವನನ್ನು ಪಿಆರ್‌ಓ ಆಗಿ ಕರೆದವರು ಚಂದ್ರಕಾಂತ್ ಸಾಹುಕಾರ್ರು.

ಸಾಹುಕಾರ್ರದು ನಾರಾಯಣಪೇಟೆಯ ಹಳೆಯ ಸೀರೆ ಅಂಗಡಿ. ಅವರ ಅಜ್ಜ ಮಾತೇ ಆಡದೆ ಸೀರೆ ಮಾರುತ್ತಿದ್ದರಂತೆ. ಸೆರಗು ಬಿಚ್ಚಿ ತೋರಿಸಿ ಗಿರಾಕಿಯ ಮುಖ ನೋಡುತ್ತ ಕೂರುತ್ತಿದ್ದರು, ಅಷ್ಟೇ. ಮೊಮ್ಮಗ ಅಜ್ಜ ಉಳಿಸಿಟ್ಟ ಮಾತನ್ನೆಲ್ಲ ಖರ್ಚು ಮಾಡಲು ಹುಟ್ಟಿದಂತಿದ್ದರು. ಸೀರೆ ಬೇಜಾರಾಗಿ ಅವರು ಅಂಜನಕುಮಾರನ ಊರಿನ ಬೀರಪ್ಪನ ಕುಂಟೆಯ, ಅಂದರೆ ಊರಿನ ಸಣ್ಣ ಕೆರೆಯ, ಪಕ್ಕ ಜಮೀನು ಹಿಡಿದು 'ಧವಳ ಜಲ' ಎಂಬ ನೀರಿನ ಬಾಟಲಿಯ ಕಾರ್ಖಾನೆ ತೆಗೆದರು. ಎರಡು ಬೋರು ಹಾಕಿದರು. ಮೂರನೆಯದು ಹಾಕುವಾಗ ಕುಂಟೆಗೆ ಹೋಗುವ ಕುರಿದಾರಿಗೆ ಅಡ್ಡವಾಗಿ ತಂತಿಬೇಲಿ ಬಿಗಿದರು.

ಆ ಬೇಸಿಗೆಗೇ ಸರಿಯಾಗಿ ಸಾಹುಕಾರ್ರಿಗೆ ಜ್ಞಾನೋದಯವೂ ಆಯಿತು.

ಹೈದರಾಬಾದಿನ ಆಚೆ ಒಂದು ರೆಸಾರ್ಟಿನಲ್ಲಿ ಉದ್ಯಮಿಗಳಿಗಾಗಿ ಮೂರು ದಿನದ ಝೆನ್ ಶಿಬಿರ ನಡೆಯಿತು. ಹೋಗುವಾಗ ಸಫಾರಿಯಲ್ಲಿ ಹೋದವರು ಬರುವಾಗ ಸಡಿಲವಾದ ಕರಿ ಅಂಗಿಯಲ್ಲಿ ಬಂದರು. ಹಣೆಯ ಮೇಲಿನ ವಿಭೂತಿ ಮಾತ್ರ ಹಾಗೇ ಇತ್ತು. ಅದನ್ನು ಬಿಟ್ಟರೆ ಅವರ ತಾಯಿ ಊಟಕ್ಕೆ ಹಾಕುತ್ತಿರಲಿಲ್ಲ.

"ಅಂಜನ, ನೀ ಮಾತಾಡೋದು ಭಾಳ ಆತು" ಅಂದರು.

"ನಾ ಏನ್ ಮಾತಾಡೀನ್ರಿ ಸಾರ್?"

"ನೋಡು, ಮತ್ತ ಮಾತಾಡಿದಿ."

ಆಮೇಲೆ ಅವರು ಮೌನದ ಬಗ್ಗೆ ಒಂದೂವರೆ ತಾಸು ಮಾತಾಡಿದರು. ಜಪಾನಿನ ಗುರುಗಳು ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಕೇಳುವವನ ಪ್ರಶ್ನೆಯೇ ಕರಗಿಹೋಗುವಂತೆ ಏನೋ ಒಂದು ಅನ್ನುತ್ತಾರೆ. ಇಲ್ಲವೆ ಸುಮ್ಮನಿರುತ್ತಾರೆ. ಮನಸ್ಸು ಖಾಲಿ ಇರಬೇಕು, ಕೋಣೆ ಖಾಲಿ ಇರಬೇಕು, ಪತ್ರಿಕಾ ಹೇಳಿಕೆಯೂ ಆದಷ್ಟು ಖಾಲಿ ಇರಬೇಕು. "ಇನ್ನ ಮ್ಯಾಲೆ ನಮ್ಮ ಕಂಪನಿಯ ಸಾರ್ವಜನಿಕ ಸಂಪರ್ಕ ಪೂರಾ ಝೆನ್. ತಿಳೀತಾ?"

ಅಂಜನಕುಮಾರ್ ಹೊಸ ನೋಟುಪುಸ್ತಕ ತಂದು ಮೊದಲ ಪುಟದಲ್ಲಿ 'ಝೆನ್ ಮತ್ತು ಸಾರ್ವಜನಿಕ ಸಂಪರ್ಕ' ಎಂದು ಬರೆದು ಕೆಂಪು ಗೆರೆ ಎಳೆದ. ಪರೀಕ್ಷೆಗೆ ಓದುವವನಂತೆ ಹದಿನೈದು ದಿನ ಓದಿದ. 'ಮಾತು ಬಾಯಿಗೆ ಬಂದಾಗ ಮೂರು ಉಸಿರು ತಡೆ' ಎಂಬ ಸಾಲು ಅವನಿಗೆ ಬಹಳ ಹಿಡಿಸಿತು. ಅದಕ್ಕೆ ಎರಡು ಗೆರೆ ಎಳೆದು, ಮನೆಯಲ್ಲಿ ತಾಯಿಯ ಮುಂದೆಯೂ ಗಟ್ಟಿಯಾಗಿ ಉಸಿರು ಎಣಿಸಿ ರೂಢಿ ಮಾಡಿದ.

ಮೊದಲ ಪ್ರಯೋಗ ನಡೆದದ್ದು ಪ್ರವೀಣ್ ಕುಮಾರ್ ಮೇಲೆ. ಅವನು ಮಕ್ತಲ್‌ನ ತೆಲುಗು ಪತ್ರಿಕೆಯ ವರದಿಗಾರ, ಅಂಜನನ ಹಳೆಯ ಗೆಳೆಯ. ಬೈಕು ನಿಲ್ಲಿಸಿ, ಇಳಿಯದೆಯೇ ಕೇಳಿದ: "ಅನ್ನಾ, ಕುಂಟೆದಾರಿ ಯಾಕ ಮುಚ್ಚೀರಿ? ಒಂದು ಜವಾಬು ಕೊಡು, ಸುದ್ದಿ ಕಳಸಬೇಕು."

ಅಂಜನಕುಮಾರ್ ಮೂರು ಉಸಿರು ಎಣಿಸಿದ. "ದಾರಿ ಮುಚ್ಚಿಲ್ಲ. ದಾರಿ ಅನ್ನೋದು ಇತ್ತೇನು ಅಂತ ಮೊದಲು ನಿನ್ನ ನೀ ಕೇಳ್ಕೋ."

"ಏಂದನ್ನಾ ಇದಿ? ಇದನ್ನ ತೆಲುಗಿನಾಗ ಹ್ಯಾಂಗ ಬರೀಲಿ?"

ಅಂಜನಕುಮಾರ್ ಮುಗುಳ್ನಕ್ಕ. ಮುಗುಳ್ನಗುವುದು ಪುಟ ಎಂಟರಲ್ಲಿತ್ತು.

ಮರುದಿನ ಪತ್ರಿಕೆಯಲ್ಲಿ ದಪ್ಪಕ್ಷರದಲ್ಲಿ ಬಂತು: 'ದಾರಿಯೇ ಇರಲಿಲ್ಲ: ಕಂಪನಿಯ ಉದ್ಧಟ ಉತ್ತರ.' ಕುರುಬರ ಓಣಿಯವರು ಕಾರ್ಖಾನೆಯ ಮುಂದೆ ಬಂದು ಅರ್ಧ ದಿನ ಕೂಗಾಡಿದರು. ಸಾಹುಕಾರ್ರು ಅಂಜನಕುಮಾರನನ್ನು ಕರೆದು, ತಪ್ಪು ಝೆನ್‌ನದಲ್ಲ, ನಿನ್ನದು, ಎರಡು ವಾಕ್ಯ ಜಾಸ್ತಿ ಆಡಿದಿ ಎಂದು ತಿಳಿಸಿದರು.

ಎರಡನೆಯ ಸಲ ಅವನು ವಾಕ್ಯವನ್ನೇ ಆಡಲಿಲ್ಲ. ವರದಿಗಾರರ ವಾಟ್ಸಾಪ್ ಗುಂಪಿಗೆ ಖಾಲಿ ಸಂದೇಶ ಕಳಿಸಲು ನೋಡಿದ. ಫೋನು ಒಪ್ಪಲಿಲ್ಲ. ಕೊನೆಗೆ ಒಂದು ಚುಕ್ಕಿ ಇಟ್ಟು ಕಳಿಸಿದ. ಐದು ನಿಮಿಷದಲ್ಲಿ ಇಪ್ಪತ್ಮೂರು ಮಂದಿ ಕೈಮುಗಿದ ಚಿತ್ರ ಹಾಕಿದರು. ಇಬ್ಬರು ಅಳುವ ಮುಖವನ್ನೂ ಹಾಕಿದರು. ಯಾರೋ ಒಬ್ಬ ಹಿರಿಯರು, "ಸಾಹುಕಾರ್ರಿಗೆ ವಯಸ್ಸೇನೂ ಆಗಿರಲಿಲ್ಲ, ಮಣ್ಣು ಎಷ್ಟೊತ್ತಿಗೆ?" ಎಂದು ಬರೆದರು. ಸಾಹುಕಾರ್ರ ತಾಯಿಗೆ ನಾರಾಯಣಪೇಟೆಯಲ್ಲಿ ಮೂರು ಫೋನು ಬಂದವು.

ಮರಳಿನ ತೋಟದ ಕಥೆಯೂ ಇದೆ. ಕಚೇರಿಯ ಮುಂದೆ ಮೂರು ಟ್ರ್ಯಾಕ್ಟರ್ ಮರಳು ಸುರಿಸಿ, ಮೇಲೆ ಕುಂಟೆಯಿಂದ ಎತ್ತಿ ತಂದ ಐದು ಕಲ್ಲು ಇಟ್ಟು, ಅಂಜನಕುಮಾರ್ ದಿನಾ ಬೆಳಿಗ್ಗೆ ಹಲುಬೆಯಿಂದ ಅದರಲ್ಲಿ ಅಲೆಅಲೆಯಾಗಿ ಗೆರೆ ಎಳೆಯಬೇಕಿತ್ತು. ಎರಡು ಪದವಿಯ ಮನುಷ್ಯ ಮರಳು ಬಾಚುವುದನ್ನು ನೋಡಲು ಹೆಂಗಸರು ಕೂಲಿಗೆ ಹೋಗುವ ದಾರಿಯನ್ನೇ ಬದಲಿಸಿಕೊಂಡರು. ಸಾಹುಕಾರ್ರು ಬಂದವರಿಗೆಲ್ಲ, ಜಗತ್ತಿನಲ್ಲಿ ಯಾವುದೂ ಶಾಶ್ವತವಲ್ಲ ಎಂಬುದನ್ನು ಈ ಮರಳು ಕಲಿಸುತ್ತದೆ ಎನ್ನುತ್ತಿದ್ದರು. ಒಂದು ಮುಂಜಾನೆ ಅರ್ಧ ಮರಳು ಕಾಣೆಯಾಗಿತ್ತು. ಊರಲ್ಲಿ ಯಾರದೋ ಗೋಡೆಗೆ ಗಿಲಾಯಿ ಮೆತ್ತುವ ಕೆಲಸ ನಡೆದಿತ್ತು. ಆ ದಿನ ಸಾಹುಕಾರ್ರು ಅಶಾಶ್ವತದ ಮಾತು ಬಿಟ್ಟು ಪೊಲೀಸ್ ಠಾಣೆಗೆ ದರಖಾಸ್ತು ಬರೆಸಿದರು. ಬರೆದವನು ಅಂಜನಕುಮಾರನೇ. ಅದು ಮಾತ್ರ ಎರಡು ಪುಟ ತುಂಬಿ ಬಂತು.

ಈ ಆಟವೆಲ್ಲ ನಡೆಯುವಾಗ ಬೇಲಿ ಬೇಲಿಯಾಗಿಯೇ ಇತ್ತು. ಓಣಿಯ ಎಂಟುನೂರು ಕುರಿ ಕುಂಟೆಯ ನೀರು ಕಾಣಬೇಕಾದರೆ ಹತ್ತಿ ಹೊಲಗಳನ್ನು ಸುತ್ತಿಕೊಂಡು ನಾಲ್ಕು ಮೈಲಿ ನಡೆಯಬೇಕಿತ್ತು. ಬಿಸಿಲಿಗೆ ದೊಡ್ಡವು ಹೇಗೋ ನಡೆದವು. ಮರಿಗಳು ಬಿದ್ದವು. ಮೈಲಮ್ಮ ಪ್ರತಿ ಸಲ ಸತ್ತ ಮರಿಯ ಕೊರಳ ಗಂಟೆ ಬಿಚ್ಚಿ ಬಾಗಿಲ ಮೊಳೆಗೆ ತೂಗುಹಾಕಿದಳು. ಎರಡು ವಾರದಲ್ಲಿ ಮೂರು ಗಂಟೆ. ಅಂಜನಕುಮಾರ್ ಬೆಳಿಗ್ಗೆ ಇಸ್ತ್ರಿ ಅಂಗಿ ತೊಟ್ಟು ಬಾಗಿಲು ತೆಗೆದಾಗಲೊಮ್ಮೆ ಅವು ಕಿಣಿಕಿಣಿ ಅನ್ನುತ್ತಿದ್ದವು. ಮೂರು ಉಸಿರು ತಡೆದರೂ ಆ ಸದ್ದು ನಿಲ್ಲುತ್ತಿರಲಿಲ್ಲ.

ಒಂದು ದಿನ ಓಣಿಯ ಹಿರಿಯ ಬಾಲಯ್ಯ ಕಚೇರಿಗೆ ಬಂದ. ಕೋಲು ಗೋಡೆಗೆ ಒರಗಿಸಿ, ನೆಲದ ಮೇಲೆ ಕುಳಿತು, "ತಮ್ಮಾ, ದಾರಿ ಯಾವಾಗ ಬಿಡ್ತೀರಿ?" ಅಂದ.

ಅಂಜನಕುಮಾರ್ ನೋಟುಪುಸ್ತಕದಲ್ಲಿ ಇದ್ದಂತೆ ಉತ್ತರ ಕೊಡದೆ ಎದುರಿಗೆ ಕುಳಿತ. ಎದುರಾಳಿ ತಾನೇ ಚಡಪಡಿಸಿ ಎದ್ದು ಹೋಗುವವರೆಗೆ ಮೌನ ಹಿಡಿಯಬೇಕು. ಆದರೆ ಬಾಲಯ್ಯ ಅರವತ್ತು ವರ್ಷ ಬಯಲಲ್ಲಿ ಕುರಿ ನೋಡುತ್ತ ಸುಮ್ಮನೆ ಕುಳಿತ ಮನುಷ್ಯ. ಅವನು ಕಣ್ಣು ಕೂಡ ಪಿಳುಕಿಸಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಅಂಜನಕುಮಾರನ ಕಾಲು ಜೋಮು ಹಿಡಿದು, ಬೆನ್ನು ಬೆವೆತು, "ಚಾ ತರಸ್ಲೇನು ಕಾಕಾ?" ಎಂದು ಅವನೇ ಬಾಯಿಬಿಟ್ಟ.

"ಚಾ ಬ್ಯಾಡ. ನೀರ ಬೇಕು" ಎಂದು ಬಾಲಯ್ಯ ಕೋಲು ಹಿಡಿದು ಎದ್ದ. ಬಾಗಿಲಲ್ಲಿ ತಿರುಗಿ ಹೇಳಿದ: "ನಿಮ್ಮವ್ವನ ಮರೀನೂ ಸಾಯಾಕ ಹತ್ಯಾವ. ಗೊತ್ತಿಲ್ಲಂದ್ರ ಗೊತ್ತಿಲ್ಲ ಅನ್ನು. ಗೊತ್ತಿದ್ದೂ ಹಿಂಗ ಕುಂದ್ರಬ್ಯಾಡ."

ಉತ್ತರ ಕೊಡಬೇಕಾದವರು ಬಾಯಿ ಮುಚ್ಚಿಕೊಂಡರೆ ಅದಕ್ಕೆ ತತ್ವ ಎಂದು ಹೆಸರು, ಕೇಳಬೇಕಾದವರು ಮುಚ್ಚಿಕೊಂಡರೆ ಒಪ್ಪಿಗೆ ಎಂದು. ಈ ಎರಡನೆಯದನ್ನೇ ಕಾಗದದ ಮೇಲೆ ತರಲು ಸೋಮವಾರ ಗ್ರಾಮಸಭೆ ಗೊತ್ತಾಯಿತು. ತಹಸೀಲ್ ಕಚೇರಿಯಿಂದ ಗಿರ್ದಾವರ್, ಅಂದರೆ ಕಂದಾಯ ನಿರೀಕ್ಷಕರು, ಬಂದು ಪಂಚನಾಮೆ ಬರೆಯುತ್ತಾರೆ. ಯಾರೂ ತಕರಾರು ಎತ್ತದಿದ್ದರೆ ಕುರಿದಾರಿ ಕಾಯಂ ಆಗಿ ಕಂಪನಿಗೆ.

"ಜನ ಸುಮ್ಮನ ಕುಂತು ಸುಮ್ಮನ ಎದ್ದು ಹೋದ್ರ ನಿನ್ನ ನೌಕರಿ ಪಕ್ಕಾ" ಅಂದರು ಸಾಹುಕಾರ್ರು. "ಗದ್ದಲ ಆತಂದ್ರ ಮಂಗಳವಾರದಿಂದ ನೀನೂ ಕುರಿ ಹಿಂದ."

ಸಭೆ ಝೆನ್ ರೀತಿಯಲ್ಲೇ ನಡೆಯಬೇಕೆಂದು ಅವರ ಹಟ. ವೇದಿಕೆ ಬೇಡ, ಮೈಕು ಬೇಡ, ಕುರ್ಚಿ ಬೇಡ. ಎಲ್ಲರೂ ನೆಲದ ಮೇಲೆ. ನಡುವೆ ಒಂದು ಸಾದಾ ಆಸನ, ಅದರ ಮೇಲೆ ತಾವು. ಎರಡು ಮಾತು, ಅಷ್ಟೇ. ಜಪಾನಿ ಚಾಪೆ ತರಿಸಲು ಮೂರು ವಾರ ಬೇಕೆಂದು ಗೊತ್ತಾದಾಗ ಅಂಜನಕುಮಾರನ ತಲೆಗೆ ಒಂದು ಉಪಾಯ ಹೊಳೆಯಿತು.

ಭಾನುವಾರ ಸಂಜೆ ಮೈಲಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಅವ್ವ, ಒಂದು ಚಲೋ ಕಂಬಳಿ ಬೇಕಾಗಿತ್ತು. ಕರೇದು."

"ಯಾರಿಗಿ?"

"ಸಾಹುಕಾರ್ರಿಗೆ. ನಾಳಿ ಸಭಾದಾಗ ಕುಂದ್ರಾಕ."

ರೊಟ್ಟಿ ಬಡಿಯುವ ಕೈ ನಿಂತಿತು. "ಬರೇ ಕುಂದ್ರಾಕೋ, ಕುಂತು ಮಾತಾಡಾಕೋ?"

"ಎರಡು ಮಾತು ಆಡ್ತಾರವ್ವ."

ಮೈಲಮ್ಮ ಹಂಚಿನ ಮೇಲಿದ್ದ ರೊಟ್ಟಿಯನ್ನು ತಿರುವಿ ಹಾಕಿ, ಪೂರ್ತಿ ಬೇಯಿಸಿ, ಬುಟ್ಟಿಗಿಟ್ಟು, ಕೈ ಒರೆಸಿಕೊಂಡು ಎದ್ದಳು. ಅಟ್ಟದಿಂದ ಬಿಳಿ ಧೋತರದ ಗಂಟು ಇಳಿಸಿ ಮಗನ ಕೈಗೆ ಕೊಟ್ಟಳು. "ಜ್ವಾಪಾನ" ಅಂದಳು.

ಅಂಜನಕುಮಾರ್ ಅದನ್ನು ಗುರುತಿಸಿದ. ಇದು ಪಂಚಾಯತಿಯ ಕಂಬಳಿಯಲ್ಲವೇ ಎಂದು ಕೇಳಲೂ ಬಾಯಿ ತೆರೆದ. ಆದರೆ ಭಂಡಾರ ಇಡದಿದ್ದರೆ ಅದೂ ಒಂದು ಉಣ್ಣೆ ಬಟ್ಟೆ ತಾನೇ? ಮೇಲಾಗಿ ಅದು ಮರೆಯಾಗುತ್ತಿರುವ ಮಾಧ್ಯಮ ಎಂದು ತಾನೇ ಬರೆದಿದ್ದ, ಹೈದರಾಬಾದಿನ ಪ್ರಾಧ್ಯಾಪಕರು ಒಪ್ಪಿ ಅಂಕವನ್ನೂ ಕೊಟ್ಟಿದ್ದರು. ಗಂಟನ್ನು ಬೈಕಿನ ಹಿಂದೆ ಕಟ್ಟಿದ.

ಸೋಮವಾರ ಬೆಳಿಗ್ಗೆ ಕಾರ್ಖಾನೆಯ ಅಂಗಳದಲ್ಲಿ ಜನ ಸೇರಿದರು. ಒಂದು ಕಡೆ ಓಣಿಯ ಕುರುಬರು, ಬಾಲಯ್ಯ ಮುಂದೆ. ಇನ್ನೊಂದು ಕಡೆ ಗಿರ್ದಾವರ್ ಸಾಹೇಬರು, ಮಂಡಿಯ ಮೇಲೆ ರಟ್ಟು, ರಟ್ಟಿನ ಮೇಲೆ ಕಾಗದ. ಪ್ರವೀಣ್ ಕುಮಾರ್ ಫೋನು ಹಿಡಿದು ನಿಂತಿದ್ದ. ಎಲ್ಲರಿಗೂ ಕಾಣುವಂತೆ ಇಪ್ಪತ್ತು ಮಾರು ದೂರದಲ್ಲಿ ಬೇಲಿ, ಅದರಾಚೆ ಕುಂಟೆಯ ನೀರು. ಜನ ಬೈಯಲು ತಯಾರಾಗಿಯೇ ಬಂದಿದ್ದರು. ಹೆಂಗಸರ ಕೈಯಲ್ಲಿ ಖಾಲಿ ಕೊಡಗಳಿದ್ದವು.

ಅಂಜನಕುಮಾರ್ ಉಳಿದ ಮರಳನ್ನು ನಯವಾಗಿ ಬಾಚಿ, ಧೋತರ ಬಿಚ್ಚಿ, ಕಂಬಳಿ ಹಾಸಿದ.

ಗುಜುಗುಜು ಒಮ್ಮೆಲೇ ನಿಂತುಹೋಯಿತು. ಬಾಲಯ್ಯ ಕಂಬಳಿಯನ್ನು ನೋಡಿದ, ಹೆಂಗಸರ ಸಾಲಿನಲ್ಲಿದ್ದ ಮೈಲಮ್ಮನ ಕಡೆ ನೋಡಿದ, ಕಾಲಲ್ಲಿದ್ದ ಚಪ್ಪಲಿ ಬಿಟ್ಟ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಬಿಟ್ಟರು. ಕೊಡಗಳು ಸದ್ದಿಲ್ಲದೆ ನೆಲಕ್ಕಿಳಿದವು.

ಕರಿ ಅಂಗಿಯಲ್ಲಿ ಹೊರಬಂದ ಸಾಹುಕಾರ್ರು ಈ ಶಿಸ್ತು ಕಂಡು ಹಿಗ್ಗಿದರು. "ನೋಡಿದೇನು ಅಂಜನ? ಆಸನ ಒಂದ ಸಾಕು. ಆಸನದಾಗ ಎಲ್ಲ ಐತಿ."

ಅಷ್ಟರಲ್ಲಿ ಮೈಲಮ್ಮ ಎದ್ದು ಬಂದಳು. ಸೊಂಟದ ಚೀಲದಿಂದ ಭಂಡಾರ ತೆಗೆದು ಕಂಬಳಿಯ ಒಂದು ಮೂಲೆಗೆ ಒಂದು ಚಿಟಿಕೆ ಇಟ್ಟಳು. ಎರಡನೆಯ ಮೂಲೆಗೆ ಇಟ್ಟಳು. ಮಗನ ಕಡೆ ತಿರುಗಿಯೂ ನೋಡಲಿಲ್ಲ.

ಅಂಜನಕುಮಾರ್ ಒಂದು ಹೆಜ್ಜೆ ಮುಂದಿಟ್ಟ. ಸಾಹುಕಾರ್ರಿಗೆ ಹೇಳಬೇಕು, ಸಾರ್, ಕೂರಬೇಡಿ, ಕೂತರೆ ಆಡಿದ ಮಾತು ಆಡಿದಂತೆ ಉಳಿಯುತ್ತದೆ. ಮಾತು ಬಾಯಿಗೆ ಬಂತು. ಬಂದ ಕೂಡಲೇ ಅವನು ಮೂರು ಉಸಿರು ಎಣಿಸತೊಡಗಿದ. ಒಂದು. ಮೂರನೆಯ ಮೂಲೆಗೂ ಅರಿಶಿನ ಬಿತ್ತು. ಎರಡು. ನಾಲ್ಕನೆಯದಕ್ಕೂ ಬಿತ್ತು. ಮೂರನೆಯ ಉಸಿರನ್ನು ಅವನು, ಪಕ್ಕದಲ್ಲಿದ್ದ ತಾಯಿಗೂ ಕೇಳುವಷ್ಟು, ಬಹಳ ಉದ್ದಕ್ಕೆ ಎಳೆದ. ಅಷ್ಟರಲ್ಲಿ ಸಾಹುಕಾರ್ರು ಪದ್ಮಾಸನ ಹಾಕಿ ಕುಳಿತಾಗಿತ್ತು.

"ಏನಿದು ಹಳದಿ?" ಎಂದು ಅವರು ಅಂಜನಕುಮಾರನನ್ನೇ ಕೇಳಿದರು.

ಅವನು ಕೈಮುಗಿದು ತಲೆ ಬಾಗಿಸಿದ.

"ಭೇಷ್" ಅಂದರು ಸಾಹುಕಾರ್ರು. "ಈಗ ಬಂತು ನೋಡು ನಿನಗ ವಿದ್ಯಾ."

ಬಾಲಯ್ಯ ಕಂಬಳಿಯ ಅಂಚಿಗೆ ಬಂದು ನಿಂತ. ಪಂಚಾಯತಿಯಲ್ಲಿ ಕೇಳುವ ಧ್ವನಿಯಲ್ಲಿ, ಏರಿಸದೆ ಇಳಿಸದೆ ಕೇಳಿದ: "ಸಾಹುಕಾರ್ರೇ, ಕುಂಟಿ ನೀರು ಯಾರ್ದ್ರಿ?"

ಸಾಹುಕಾರ್ರ ಮುಖ ಅರಳಿತು. ಶಿಬಿರದಲ್ಲಿ ಗುರುಗಳು ಕೇಳಿದ್ದ ಪ್ರಶ್ನೆಗಳ ಹಾಗೆಯೇ ಇತ್ತು ಇದು. ಅಲ್ಲಿ ಅವರಿಗೆ ಒಂದಕ್ಕೂ ಉತ್ತರ ಬಂದಿರಲಿಲ್ಲ. ಇಲ್ಲಿ ಸರಾಗವಾಗಿ ಬಂತು. "ನೀರು ಯಾರ್ದೂ ಅಲ್ಲ. ನಂದಂತೂ ಅಲ್ಲವೇ ಅಲ್ಲ. ನಂದು ಅನ್ನೋದ ಒಂದು ಭ್ರಮಾ."

"ದಾರಿ?"

"ದಾರಿ ನಡಿಯೋರ್ದು."

"ಮತ್ತ ಬೇಲಿ?"

ಸಾಹುಕಾರ್ರು ಕಣ್ಣು ಮುಚ್ಚಿ, ಪ್ರವೀಣ್ ಕುಮಾರನ ಫೋನಿನ ಕಡೆಗೆ ಮುಖವನ್ನು ಸ್ವಲ್ಪ ತಿರುಗಿಸಿ, ಮಧುರವಾಗಿ ನಕ್ಕರು. "ಬೇಲಿ ಐತಿ ಅಂದವರ್ಯಾರು? ಬೇಲಿ ಇರೋದು ಮನಸ್ಸಿನಾಗ. ಅದನ್ನ ಕಿತ್ತು ಒಗೀರಿ."

ಗಿರ್ದಾವರ್ ಸಾಹೇಬರ ಪೆನ್ನು ಸರಸರ ಓಡಿತು.

"ಮಾತು ಬಿತ್ತು" ಅಂದ ಬಾಲಯ್ಯ. ಮೈಲಮ್ಮ ಮುಂದೆ ಬಂದು ಸಾಹುಕಾರ್ರ ವಿಭೂತಿಯ ನಡುವೆ ಒಂದು ಬೊಟ್ಟು ಭಂಡಾರ ಇಟ್ಟಳು. ಜನ ಎದ್ದರು. ಒಂದು ಕೂಗಿಲ್ಲ, ಒಂದು ಬೈಗುಳವಿಲ್ಲ, ಒಂದು ಕಲ್ಲು ಹಾರಲಿಲ್ಲ. ಸಾಹುಕಾರ್ರು ಬಯಸಿದ್ದಂತೆಯೇ ಸುಮ್ಮನೆ ಕುಳಿತವರು ಸುಮ್ಮನೆ ಎದ್ದು ಹೋದರು. ಹೋದದ್ದು ಬೇಲಿಯ ಕಡೆಗೆ.

ಸಾಹುಕಾರ್ರು ಕಣ್ಣು ಮುಚ್ಚಿಯೇ ಇದ್ದರು. ತಂತಿ ಟಣ್ಣೆಂದು ಕಡಿದ ಸದ್ದಿಗೆ ಅವರ ಹುಬ್ಬು ಸ್ವಲ್ಪ ಗಂಟಾಯಿತು. ಎರಡನೆಯ ಟಣ್ಣಿಗೆ ಒಂದು ಕಣ್ಣು ತೆರೆಯಿತು. ಆಗಲೇ ಏಳು ಕಂಬ ಕಿತ್ತು ಸಾಲಾಗಿ ಮಲಗಿಸಿದ್ದರು. ಇಬ್ಬರು ತಂತಿಯನ್ನು ಅಚ್ಚುಕಟ್ಟಾಗಿ ಸುರುಳಿ ಸುತ್ತುತ್ತಿದ್ದರು.

"ಏಯ್! ಏಯ್! ಏನ್ ಮಾಡಾಕ ಹತ್ತೀರಿ?" ಸಾಹುಕಾರ್ರು ಕಂಬಳಿಯಿಂದ ಜಿಗಿದು ಎದ್ದರು. "ನಾ ಅಂದದ್ದು ಹಂಗಲ್ಲ! ಅದು ತತ್ವ! ತತ್ವದ ಮಾತು!"

"ನಮಗೂ ತತ್ವನ ಐತ್ರಿ ಅದು" ಅಂದ ಬಾಲಯ್ಯ. "ಕಂಬಳಿ ಮ್ಯಾಲೆ ಆಡಿದ್ದು ತತ್ವ ಅಲ್ಲದ ಮತ್ತೇನ್ರಿ?"

"ಗಿರ್ದಾವರ್ ಸಾಬ್, ಬರೀಬ್ಯಾಡ್ರಿ! ಹೊಡದ ಹಾಕ್ರಿ ಅದನ್ನ!"

"ಬರದಾತ್ರಿ" ಅಂದರು ಗಿರ್ದಾವರ್. "ನೀರು ನಂದಲ್ಲ, ದಾರಿ ಜನರದು, ಬೇಲಿ ಕೀಳ್ರಿ ಅಂತ ಮಾಲಕರ ಸ್ವಂತ ಬಾಯಿಲೆ ಹೇಳ್ಯಾರ. ವಿಡಿಯೋ ಬ್ಯಾರೆ ಐತಿ."

"ಹಂಗಾರ ಈಗ ಹೇಳ್ತೀನಿ, ಕೇಳ್ರಿ. ನೀರು ನಂದು! ದಾರಿ ನಂದು!"

ಮೈಲಮ್ಮ ಕಂಬಳಿಯ ಸುಕ್ಕು ಸರಿಮಾಡುತ್ತ ಹೇಳಿದಳು: "ಹೇಳ್ರಿ ಸಾಹುಕಾರ್ರೇ, ಬ್ಯಾಡಂದವರ್ಯಾರು? ಇದರ ಮ್ಯಾಲೆ ಕುಂತು ಹೇಳ್ರಿ."

ಅಂಗಳದಲ್ಲಿ ಎಲ್ಲರೂ ಕಾದರು. ಸಾಹುಕಾರ್ರು ಕಂಬಳಿಯನ್ನು ನೋಡಿದರು, ನಾಲ್ಕು ಮೂಲೆಯ ಅರಿಶಿನ ನೋಡಿದರು. ಅವರ ಅಜ್ಜ ಇದೇ ಓಣಿಯವರ ಜೊತೆ ಉಣ್ಣೆಯ ವ್ಯಾಪಾರವನ್ನೂ ಮಾಡಿದವರು, ಇಂಥದ್ದೇ ಕಂಬಳಿಯ ಮೇಲೆ ಕುಳಿತು ಮಾತು ಕೊಟ್ಟವರು. ಮನೆಯಲ್ಲಿ ತಾಯಿ ಇನ್ನೂ ಹೇಳುವ ಆ ಕಥೆ ಅವರಿಗೆ ಈಗ ನೆನಪಾಯಿತು. ಝೆನ್ ಅವರಿಗೆ ಮೂರು ದಿನದ್ದು, ಇದು ಮೂರು ತಲೆಮಾರಿನದು. ಅವರು ಕೂರಲಿಲ್ಲ. ಹಣೆಯ ಬೆವರಿಗೆ ವಿಭೂತಿಯೂ ಭಂಡಾರವೂ ಒಟ್ಟಿಗೆ ಮೂಗಿನ ಮೇಲೆ ಇಳಿಯತೊಡಗಿದವು. ಹೊತ್ತು ನೆತ್ತಿಗೇರುವ ಮುನ್ನ ಮೊದಲ ಹಿಂಡು ಅವರ ಮುಂದೆಯೇ ಹಾದು ನೀರಿಗಿಳಿಯಿತು.

ಅಂಜನಕುಮಾರನ ನೌಕರಿ ಅದೇ ದಿನ ಹೋಯಿತು. "ನಿನಗ ಗೊತ್ತಿತ್ತು! ಯಾಕ ಹೇಳಲಿಲ್ಲ?" ಎಂದು ಸಾಹುಕಾರ್ರು ಕೋಣೆಯ ಬಾಗಿಲು ಹಾಕಿಕೊಂಡು ಕೂಗಿದರು. ಹೊರಗೆ ಕಾವಲುಗಾರನಿಗೂ ಕೇಳಿಸಿತು.

"ಮಾತು ಭಾಳ ಆತು, ಸುಮ್ಮನಿರು ಅಂತ ನೀವ ಹೇಳಿದ್ರೆಲ್ರಿ ಸಾರ್" ಅಂದ ಅಂಜನಕುಮಾರ್. ಮೇಜಿನ ಖಾನೆಯಲ್ಲಿದ್ದ ನೋಟುಪುಸ್ತಕ ಎತ್ತಿಕೊಳ್ಳಲು ಮರೆತು ಬಂದ.

ಮರುದಿನದ ಪತ್ರಿಕೆಯಲ್ಲಿ ಪ್ರವೀಣ್ ಕುಮಾರ್ ಬರೆದ ಸುದ್ದಿಗೆ ಸಾಹುಕಾರ್ರು ಕಣ್ಣು ಮುಚ್ಚಿ ನಕ್ಕ ಚಿತ್ರ ಇತ್ತು: 'ನೀರು ನನ್ನದಲ್ಲ: ಉದ್ಯಮಿಯ ದೊಡ್ಡ ಮನಸ್ಸು.' ಮಕ್ತಲ್ ಬಸ್ ನಿಲ್ದಾಣದಲ್ಲಿ ಜನ ಹುಡುಕಿ ಹುಡುಕಿ ಧವಳ ಜಲ ಕೊಂಡರು. ಎರಡು ತಿಂಗಳ ಮೇಲೆ ಹೈದರಾಬಾದಿನ ಯಾವುದೋ ಸಂಸ್ಥೆ ಸಾಹುಕಾರ್ರಿಗೆ ಜನಸ್ನೇಹಿ ಉದ್ಯಮಿ ಎಂದು ಶಾಲು ಹೊದಿಸಿತು. ಅವರು ಅಲ್ಲಿ ಮುಕ್ಕಾಲು ತಾಸು ಭಾಷಣ ಮಾಡಿದರು. ವಿಷಯ, 'ಝೆನ್ ಮತ್ತು ಸಾರ್ವಜನಿಕ ಸಂಪರ್ಕ'. ಕೈಯಲ್ಲಿ ಹಿಡಿದು ಓದುತ್ತಿದ್ದ ನೋಟುಪುಸ್ತಕದ ಕೆಂಪು ಗೆರೆಗಳು ವಿಡಿಯೋದಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಬೇಲಿಯ ಬಗ್ಗೆ ಯಾರೋ ಕೇಳಿದಾಗ, ಅದನ್ನು ಕೀಳಿಸಿದ್ದು ತಾವೇ ಎಂದರು. ಅಲ್ಲಿ ಅವರನ್ನು ಕೂರಿಸಿದ್ದು ಕುರ್ಚಿಯ ಮೇಲೆ.

ಅಂಜನಕುಮಾರ್ ಆ ವಿಡಿಯೋ ನೋಡಿದ್ದು ತಮ್ಮ ಮನೆಯ ಕಟ್ಟೆಯ ಮೇಲೆ. ಮರುದಿನ ಗದ್ವಾಲದ ಒಂದು ಹತ್ತಿ ಗಿರಣಿಯಲ್ಲಿ ಅವನಿಗೆ ಸಂದರ್ಶನವಿತ್ತು. ಅರ್ಜಿಯಲ್ಲಿ ಅನುಭವದ ಜಾಗ ಇನ್ನೂ ಖಾಲಿ ಬಿಟ್ಟಿದ್ದ. ಅಂಗಳದಲ್ಲಿ ಮೈಲಮ್ಮ ಕಂಬಳಿಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಕೊಡವುತ್ತಿದ್ದಳು. ಬಾಗಿಲ ಮೊಳೆ ಖಾಲಿಯಾಗಿತ್ತು. ಮೂರು ಗಂಟೆಗಳನ್ನೂ ಅವಳು ಆ ತಿಂಗಳು ಹುಟ್ಟಿದ ಮರಿಗಳಿಗೆ ಕಟ್ಟಿದ್ದಳು.

"ಅವ್ವ, ಖರೇ ಹೇಳು" ಅಂದ ಅವನು. "ಅವತ್ತು ನಾ ಕಂಬಳಿ ಕೇಳಿದಾಗ ನಿನಗ ಎಲ್ಲ ಗೊತ್ತಿತ್ತಿಲ್ಲ?"

ಮೈಲಮ್ಮ ಕೊಡವುವುದನ್ನು ನಿಲ್ಲಿಸಿ, ಕಂಬಳಿಯನ್ನು ನೆಲದ ಮೇಲೆ ಹಾಸಿದಳು. ಸೊಂಟದ ಚೀಲದ ಮೇಲೆ ಕೈ ಇಟ್ಟಳು. "ಕುಂತು ಹೇಳ್ತೀನಿ. ಆದ್ರ ನಾ ಎದ್ದ ಮ್ಯಾಲೆ ನೀನೂ ಕುಂದ್ರಬೇಕು. ನಂದೂ ಒಂದು ಕೇಳೋದೈತಿ. ಆ ಮೂರನೇ ಉಸಿರು ಅಷ್ಟು ಉದ್ದ ಯಾಕ ಎಳದಿ ಅಂತ."

ಅಂಜನಕುಮಾರ್ ಕಂಬಳಿ ನೋಡಿದ, ತಾಯಿಯ ಮುಖ ನೋಡಿದ.

"ಕುರಿ ನೀರಿಗೆ ಬಿಡೋ ಹೊತ್ತಾತು" ಎಂದು ಎದ್ದು, ಮೂಲೆಯ ಕೋಲು ತೆಗೆದುಕೊಂಡು, ಕುಂಟೆಯ ದಾರಿ ಹಿಡಿದ.